ಮೇಲಿನ ರೆಪ್ಪೆ, ಕೆಳಗಿನ ಚೀಲ: ಅತ್ತಿಗೆಯ ಕಣ್ಣಿನ ಒಂದು ಮಳೆಗಾಲ

"ಯಾಕಮ್ಮ, ರಾತ್ರಿ ನಿದ್ದೆ ಮಾಡಿಲ್ವಾ?"

ಸೋಮವಾರಪೇಟೆ ಸಂತೆಯಲ್ಲಿ ಒಬ್ಬರು ಕೇಳುತ್ತಿದ್ದರು, ಮದುವೆ ಮನೆಯಲ್ಲಿ ಇನ್ನೊಬ್ಬರು, ಬ್ಯಾಂಕಿನ ಕೌಂಟರಿನಲ್ಲಿ ಮತ್ತೊಬ್ಬರು. ಕೇಳಿಸಿಕೊಂಡು ಕೇಳಿಸಿಕೊಂಡು ಅತ್ತಿಗೆಗೆ ರೋಸಿಹೋಗಿತ್ತು. ರಾತ್ರಿ ಒಂಬತ್ತೂವರೆಗೆ ಮಲಗಿ ಬೆಳಿಗ್ಗೆ ಐದೂವರೆಗೆ ಏಳುವ ಹೆಂಗಸು ಅವರು. ನಿದ್ದೆಗೇನೂ ಕೊರತೆ ಇರಲಿಲ್ಲ. ಮುಖ ಮಾತ್ರ ಸದಾ ದಣಿದ ಹಾಗೆ ಕಾಣುತ್ತಿತ್ತು.

ಅವರಿಗೆ 54 ವರ್ಷ. ಸೋಮವಾರಪೇಟೆಯಿಂದ ಸ್ವಲ್ಪ ಒಳಗೆ ಏಳು ಎಕರೆ ಅರೇಬಿಕಾ ಕಾಫಿ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಒಳ್ಳೆಮೆಣಸಿನ ಬಳ್ಳಿ. ನಾನು ಕುಶಾಲನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ದೃಷ್ಟಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಆಪರೇಷನ್ ಮಾಡುವವಳಲ್ಲ. ಆದರೆ ಅತ್ತಿಗೆಯ ರೆಪ್ಪೆ ಆಪರೇಷನ್ನಿನ ಈ ಪ್ರಕರಣದಲ್ಲಿ ಮೊದಲ ಅಳತೆಯಿಂದ ಕೊನೆಯ ಅಳತೆಯವರೆಗೆ ಜೊತೆಗಿದ್ದೆ. ಬರೆಯಲಾ ಅಂತ ಕೇಳಿದಾಗ, "ಹೆಸರು ಹಾಕಬೇಡ, ಫೋಟೋ ಹಾಕಬೇಡ. ಉಳಿದದ್ದು ಹೇಗೂ ಊರಿಗೆಲ್ಲ ಗೊತ್ತು" ಎಂದರು.

ಅವರು ಹೇಳಿಕೊಂಡಿದ್ದು ಒಂದೇ ದೂರು: ಕಣ್ಣಿನ ಕೆಳಗಿನ ಚೀಲ. ಇನ್ನೊಂದು ನಾನು ಕೆದಕಿದ ಮೇಲೆ ಬಂತು. ಮೆಣಸು ಆರಿಸಲು ಮೊರ ಹಿಡಿದು ಕೂತರೆ ಒಂದು ಗಂಟೆಯಲ್ಲಿ ಹಣೆ ನೋಯುತ್ತದೆ. ಸಂಜೆ ಟಿವಿ ನೋಡುವಾಗ ಗದ್ದ ಎತ್ತಿ ಕೂರುತ್ತಾರೆ. ಮಂಜಿನಲ್ಲಿ ಸ್ಕೂಟರ್ ಓಡಿಸುವಾಗ ಮೇಲಿಂದ ಯಾರೋ ಪರದೆ ಇಳಿಬಿಟ್ಟ ಹಾಗೆ ಅನಿಸುತ್ತದೆ. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ದರು.

ಕ್ಲಿನಿಕ್ಕಿಗೆ ಕರೆಸಿದೆ. ಮೊದಲು ನೋಡಿದ್ದು ಹಣೆಯನ್ನು. ಆಳವಾದ ಗೆರೆಗಳಿದ್ದವು, ಎಡ ಹುಬ್ಬು ಬಲದ್ದಕ್ಕಿಂತ ಮೇಲಿತ್ತು. ಹುಬ್ಬುಗಳನ್ನು ಬೆರಳಲ್ಲಿ ಒತ್ತಿ ಹಿಡಿದು "ಈಗ ಕಣ್ಣು ಬಿಡಿ ಅತ್ತಿಗೆ" ಎಂದೆ. ಎಡಗಣ್ಣು ಅರ್ಧಕ್ಕೇ ನಿಂತಿತು. ದಿನವಿಡೀ ಹಣೆಯ ಸ್ನಾಯುವೇ ರೆಪ್ಪೆಯ ಭಾರ ಹೊರುತ್ತಿತ್ತು. ಸಂಜೆಯ ತಲೆನೋವು ಬರುತ್ತಿದ್ದದ್ದು ಅಲ್ಲಿಂದ.

ಮೇಲಿನ ರೆಪ್ಪೆ ಇಳಿದಂತೆ ಕಾಣಲು ಮುಖ್ಯವಾಗಿ ಮೂರು ಕಾರಣ. ಚರ್ಮ ಸಡಿಲಾಗಿ ರೆಪ್ಪೆಗೂದಲಿನ ಮೇಲೆ ಜೋತು ಬೀಳಬಹುದು. ರೆಪ್ಪೆ ಎತ್ತುವ ಸ್ನಾಯುವಿನ ತುದಿಯ ನಾರುಪಟ್ಟಿ ಸಡಿಲಾಗಿ ರೆಪ್ಪೆಯ ಅಂಚೇ ಕೆಳಗಿಳಿಯಬಹುದು. ಅಥವಾ ಹುಬ್ಬೇ ಜಾರಿ ಮೇಲಿಂದ ಒತ್ತಬಹುದು. ಮೂರಕ್ಕೂ ಆಪರೇಷನ್ ಬೇರೆ ಬೇರೆ. ಕನ್ನಡಿಯಲ್ಲಿ ಮಾತ್ರ ಮೂರೂ ಒಂದೇ ಥರ ಕಾಣುತ್ತವೆ. ಜಾಸ್ತಿ ಚರ್ಮ ಕತ್ತರಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಜನ ಅಂದುಕೊಳ್ಳುವುದೂ ಅದಕ್ಕೇ.

ಟಾರ್ಚ್ ಹಿಡಿದಾಗ ಕಣ್ಣುಪಾಪೆಯ ನಡುವೆ ಒಂದು ಬೆಳಕಿನ ಚುಕ್ಕಿ ಹೊಳೆಯುತ್ತದೆ. ಅಲ್ಲಿಂದ ಮೇಲಿನ ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿ.ಮೀ. ಇರಬೇಕು. ಅತ್ತಿಗೆಗೆ ಬಲಗಡೆ 3.5, ಎಡಗಡೆ 2 ಇತ್ತು. ಚರ್ಮವನ್ನು ಎತ್ತಿ ಹಿಡಿದು ಮತ್ತೆ ಅಳೆದರೂ ಎಡಗಡೆ 2 ಹಾಗೇ ಉಳಿಯಿತು. ಬಲಗಡೆ ಬರೀ ಚರ್ಮದ ಕಥೆ, ಎಡಗಡೆ ಚರ್ಮವೂ ಹೌದು, ನಾರುಪಟ್ಟಿಯೂ ಹೌದು. ಕೆಳಗೆ ನೋಡಿಸಿ ಮೇಲೆ ನೋಡಿಸಿದಾಗ ಎಡ ರೆಪ್ಪೆ 13 ಮಿ.ಮೀ. ಓಡಿತು. ಸ್ನಾಯುವಿನ ಶಕ್ತಿ ಚೆನ್ನಾಗೇ ಇತ್ತು, ಹಿಡಿತ ತಪ್ಪಿತ್ತು ಅಷ್ಟೆ. ಸೇದುವವನಿಗೆ ತಾಕತ್ತಿದ್ದೂ ಹಗ್ಗದ ಗಂಟು ಸಡಿಲಾಗಿ ಬಾವಿಯ ಬಿಂದಿಗೆ ಮೇಲೆ ಬಾರದ ಹಾಗೆ.

ಒಂದೇ ಕಣ್ಣಿನ ರೆಪ್ಪೆ ಜಾಸ್ತಿ ಇಳಿದಿದ್ದರೆ ಅಂದಚಂದದ ಮಾತು ಬದಿಗಿಡಬೇಕು. ನರದ ತೊಂದರೆ ಇರಬಹುದು, ಸ್ನಾಯು ಬೇಗ ದಣಿಯುವ ಮಯಸ್ಥೇನಿಯಾ ಇರಬಹುದು. ಎರಡೆರಡು ಕಾಣುತ್ತದಾ, ನುಂಗಲು ಕಷ್ಟವಾ, ಸಂಜೆಗೆ ತುಂಬಾ ಇಳಿಯುತ್ತದಾ ಅಂತ ಕೇಳಿದೆ. ಎರಡು ನಿಮಿಷ ಮೇಲೆ ನೋಡಿಸಿದೆ. ಎರಡು ನಿಮಿಷ ಐಸ್ ಇಟ್ಟು ನೋಡಿದೆ. ಮಯಸ್ಥೇನಿಯಾ ಇದ್ದರೆ ತಣ್ಣಗಾದ ರೆಪ್ಪೆ ಸ್ವಲ್ಪ ಹೊತ್ತು ಮೇಲೇಳುತ್ತದೆ. ಇಲ್ಲಿ ಹಾಗಾಗಲಿಲ್ಲ. ಎರಡೂ ಪಾಪೆ ಒಂದೇ ಅಳತೆ. ಹಳೇ ಆಲ್ಬಂ ತರಿಸಿ ನೋಡಿದಾಗ ಹತ್ತು ವರ್ಷದ ಹಿಂದಿನ ಗೃಹಪ್ರವೇಶದ ಫೋಟೋದಲ್ಲೇ ಎಡಗಣ್ಣು ಸಣ್ಣದಾಗಿತ್ತು. ನಿಧಾನವಾಗಿ ಬಂದದ್ದು ಅಂತ ಖಾತ್ರಿಯಾಯಿತು. ನಮ್ಮ ಕ್ಲಿನಿಕ್ಕಿನ ಡಾಕ್ಟರೂ ನೋಡಿ ಅದನ್ನೇ ಹೇಳಿದರು.

ಕೊನೆಗೆ ಕಣ್ಣೀರಿನ ಪರೀಕ್ಷೆ. ಕೆಳ ರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಡುತ್ತೇವೆ. 10 ಮಿ.ಮೀ.ಗಿಂತ ಕಡಿಮೆ ಒದ್ದೆಯಾದರೆ ಕಣ್ಣು ಒಣಗಿದೆ ಎಂದು ಅನುಮಾನ. ಅತ್ತಿಗೆಗೆ ಬಲ 8, ಎಡ 7. ಮುಂದೆ ಎಲ್ಲವನ್ನೂ ತಿರುಗಿಸಿದ್ದು ಈ ಎರಡು ಅಂಕಿಗಳು.

ಅಷ್ಟರೊಳಗೆ ಬೆಂಗಳೂರಿನಲ್ಲಿರುವ ಮಗಳು ಅಮ್ಮನನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದಳು. ಹತ್ತು ನಿಮಿಷದಲ್ಲಿ ಪ್ಯಾಕೇಜ್ ಸಿದ್ಧವಾಗಿತ್ತು. ಮೇಲೆರಡು, ಕೆಳಗೆರಡು, ನಾಲ್ಕೂ ರೆಪ್ಪೆ ಒಟ್ಟಿಗೆ. ಈ ವಾರ ಬುಕ್ ಮಾಡಿದರೆ ರಿಯಾಯಿತಿ. ಕಣ್ಣೀರು ಅಳೆಯಲಿಲ್ಲ, ಎಡಬಲದ ವ್ಯತ್ಯಾಸ ಅಳೆಯಲಿಲ್ಲ. ಅತ್ತಿಗೆ ಮಾತ್ರ ಖುಷಿಯಾಗಿದ್ದರು. ಅವರಿಗೆ ಬೇಕಾದ ಕೆಳಗಿನ ಚೀಲ ಪಟ್ಟಿಯಲ್ಲಿ ಇತ್ತಲ್ಲ.

ಇನ್ನೊಬ್ಬರನ್ನು ಕೇಳೋಣ ಅಂತ ಹಟ ಹಿಡಿದು ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ರೆಪ್ಪೆ ಮತ್ತು ಕಣ್ಣೀರಿನ ನಾಳದ ಆಪರೇಷನ್ನನ್ನೇ ಮಾಡುವ ಕಣ್ಣಿನ ಡಾಕ್ಟರು ಅವರು. ಆಕ್ಯುಲೋಪ್ಲಾಸ್ಟಿ ಅಂತ ಬೋರ್ಡಿನಲ್ಲಿ ಇರುತ್ತದೆ. ಅತ್ತಿಗೆಯ ಕೆಳ ರೆಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದು ಕೆಳಗೆ ಎಳೆದು ಬಿಟ್ಟರು. ಗಟ್ಟಿಯಾದ ರೆಪ್ಪೆ ತಟಕ್ಕನೆ ಹಿಂದಕ್ಕೆ ಕೂರುತ್ತದೆ. ಅತ್ತಿಗೆಯದು ಸೋಮಾರಿಯ ಹಾಗೆ ನಿಧಾನಕ್ಕೆ ಹೋಯಿತು, ಪೂರ್ತಿ ಕೂರಲು ಒಮ್ಮೆ ಕಣ್ಣು ಮಿಟುಕಿಸಬೇಕಾಯಿತು.

"ಮೇಲಿನದು ಮಾಡುತ್ತೇನೆ. ಎಡಗಡೆ ನಾರುಪಟ್ಟಿಯನ್ನೂ ಬಿಗಿಮಾಡುತ್ತೇನೆ. ಕೆಳಗಿನದು ಈಗ ಬೇಡ" ಎಂದರು.

ಅತ್ತಿಗೆಯ ಮುಖ ಇಳಿಯಿತು. "ಸರ್, ನಾನು ಬಂದಿದ್ದೇ ಕೆಳಗಿನದಕ್ಕೆ."

ಡಾಕ್ಟರು ಸಮಾಧಾನವಾಗಿ ವಿವರಿಸಿದರು. ಚೀಲದಲ್ಲಿ ಇರುವುದು ನೀರಲ್ಲ. ಕಣ್ಣುಗುಡ್ಡೆಯ ಸುತ್ತ ಹಾಸಿಗೆಯ ಹಾಗಿರುವ ಕೊಬ್ಬು, ಅದನ್ನು ತಡೆಯುವ ಪೊರೆ ಸಡಿಲಾದಾಗ ಮುಂದಕ್ಕೆ ಉಬ್ಬುತ್ತದೆ. (ಸೌತೆಕಾಯಿ ಬಿಲ್ಲೆ ಇಟ್ಟುಕೊಂಡರೆ ಇದು ಹೋಗುವುದಿಲ್ಲ. ಸೌತೆಕಾಯಿ ಕೋಸಂಬರಿಗೇ ಒಳ್ಳೆಯದು.) ಆ ಕೊಬ್ಬು ತೆಗೆಯಬಹುದು. ಆದರೆ ರೆಪ್ಪೆ ಮೊದಲೇ ಸಡಿಲ. ಗಾಯ ಮಾಯುವಾಗ ಕೆಳಗೆ ಎಳೆದರೆ ಕಣ್ಣಿನ ಬಿಳಿ ಭಾಗ ಜಾಸ್ತಿ ಕಾಣುತ್ತದೆ, ರೆಪ್ಪೆ ಹೊರಗೆ ತಿರುಗಲೂಬಹುದು. ತಡೆಯಲು ರೆಪ್ಪೆಯ ಹೊರ ಮೂಲೆಯನ್ನೂ ಬಿಗಿಮಾಡಬೇಕಾಗುತ್ತದೆ. ಕಣ್ಣೀರು ಕಡಿಮೆ ಇರುವವರಿಗೆ ಮೇಲೆ, ಕೆಳಗೆ ಎರಡೂ ಒಂದೇ ದಿನ ಮಾಡಿ ಕಣ್ಣು ಸರಿಯಾಗಿ ಮುಚ್ಚದೆ ಹೋದರೆ ಕರಿಗುಡ್ಡೆ (ಕಾರ್ನಿಯಾ) ಒಣಗಿ ಹುಣ್ಣಾಗಬಹುದು. ಮೊದಲು ಮೇಲಿನದು ಹೇಗೆ ಕೂರುತ್ತದೆ ನೋಡೋಣ.

ವಾಪಸು ಬರುವಾಗ ಹುಣಸೂರು ದಾಟುವವರೆಗೆ ಅತ್ತಿಗೆ ಮಾತಾಡಲಿಲ್ಲ. ಪಿರಿಯಾಪಟ್ಟಣದ ಹತ್ತಿರ, "ಆ ಬೆಂಗಳೂರಿನವರು ಮಾಡ್ತೀನಿ ಅಂದ್ರು. ಇವರು ಬೇಡ ಅಂತಾರೆ. ಬೇಡ ಅನ್ನೋರಿಗೆ ದುಡ್ಡು ಕೊಡೋದಾ?" ಅಂದರು. ಕೊಡೋದೇ ಅತ್ತಿಗೆ ಅಂದೆ. ಈ ಆಪರೇಷನ್ನಿನಲ್ಲಿ ತೆಗೆದದ್ದಕ್ಕಿಂತ ಉಳಿಸಿದ್ದು ಮುಖ್ಯ. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಕನಿಷ್ಠ 20 ಮಿ.ಮೀ. ಚರ್ಮ ಬಿಡಬೇಕು ಎನ್ನುವುದು ಸರ್ಜನ್ನರ ಹಳೇ ಲೆಕ್ಕ. ಕಡಿಮೆ ತೆಗೆದಿದ್ದರೆ ಇನ್ನೊಮ್ಮೆ ತೆಗೆಯಬಹುದು. ಜಾಸ್ತಿ ತೆಗೆದಿದ್ದರೆ ಬೇರೆ ಕಡೆಯಿಂದ ಚರ್ಮ ತಂದು ಹಚ್ಚಬೇಕು.

ಈ ಆಪರೇಷನ್ನಿನ ಹೆಸರಿನದೂ ಒಂದು ತಮಾಷೆ ಇದೆ. ಬ್ಲೆಫರೋಪ್ಲಾಸ್ಟಿ ಎನ್ನುವ ಪದವನ್ನು 1818ರಲ್ಲಿ ಜರ್ಮನಿಯ ಸರ್ಜನ್ ಫಾನ್ ಗ್ರೇಫ ಬಳಸಿದ್ದು ಹಾಳಾದ ರೆಪ್ಪೆಯನ್ನು ಮತ್ತೆ ಕಟ್ಟುವ ಕೆಲಸಕ್ಕೆ. ಅಂದದ ಅರ್ಥ ಆಮೇಲೆ ಅಂಟಿಕೊಂಡಿತು. ಇವತ್ತಿಗೂ ವಿಮೆ ಕಂಪನಿಗಳು ಈ ಎರಡು ಅರ್ಥಗಳ ನಡುವೆಯೇ ಹಗ್ಗಜಗ್ಗಾಟ ಆಡುತ್ತವೆ. ನಮ್ಮ ಅರ್ಜಿಗೂ ಮೊದಲು "ಕಾಸ್ಮೆಟಿಕ್" ಅಂತ ಬರೆದು ವಾಪಸು ಕಳಿಸಿದರು. ದೃಷ್ಟಿಯ ಹರವು ಅಳೆಯುವ ಪರೀಕ್ಷೆಯನ್ನು ನಾನು ಎರಡು ಸಲ ಮಾಡಿದ್ದೆ. ಒಮ್ಮೆ ರೆಪ್ಪೆ ಇದ್ದ ಹಾಗೆ, ಇನ್ನೊಮ್ಮೆ ರೆಪ್ಪೆಯನ್ನು ಟೇಪಿನಿಂದ ಎತ್ತಿ ಅಂಟಿಸಿ. ಮೊದಲನೆಯದರಲ್ಲಿ ಮೇಲ್ಭಾಗ ಕಪ್ಪು, ಎರಡನೆಯದರಲ್ಲಿ ತಿಳಿ. ಎರಡೂ ಪ್ರಿಂಟು, ಫೋಟೋ, ಡಾಕ್ಟರ ಪತ್ರ ಸೇರಿಸಿ ಮತ್ತೆ ಹಾಕಿದ ಮೇಲೆ ಎಡಗಣ್ಣಿನ ನಾರುಪಟ್ಟಿಯ ಖರ್ಚು ಬಂತು. ಚರ್ಮದ ಖರ್ಚು ಬರಲಿಲ್ಲ. ಈ ಪರೀಕ್ಷೆ ಆಪರೇಷನ್ನಿಗೆ ಮೊದಲೇ ಆಗಬೇಕು, ಆಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ದಿನ ಗೊತ್ತು ಮಾಡಿದ್ದು ಅತ್ತಿಗೆಯೇ. ಜೂನ್ ಕೊನೆಯ ವಾರ. ನಾನು ಮಾರ್ಚ್ ಅಂದಿದ್ದೆ. ಕೊಯ್ಲು ಮುಗಿದಿರುತ್ತದೆ, ರಸ್ತೆ ಚೆನ್ನಾಗಿರುತ್ತದೆ. "ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಮಳೆ ಬಂತಾ ಇಲ್ವಾ ಅಂತ ಆಕಾಶ ನೋಡಬೇಕು, ಏಪ್ರಿಲ್ ಮೇ ಪೂರ್ತಿ ಮದುವೆ. ಜೂನಲ್ಲಿ ನೆರಳಿನ ಮರದ ಕೊಂಬೆ ಕಡಿಯೋ ಕಪಾತೂ ಆಗಿರುತ್ತೆ, ಮಳೆಗೆ ಹೆದರಿ ಒಬ್ಬರೂ ಮನೆ ಕಡೆ ಬರಲ್ಲ" ಎಂದರು. ಲೆಕ್ಕ ಸರಿಯಾಗೇ ಇತ್ತು. ಹೊಸ ಗಾಯಕ್ಕೆ ಬಿಸಿಲು ಬಿದ್ದರೆ ಕಲೆ ಕಪ್ಪಾಗುತ್ತದೆ, ನಮ್ಮಲ್ಲಿ ಜುಲೈನಲ್ಲಿ ಬಿಸಿಲಿನ ಭಯವಂತೂ ಇಲ್ಲ. ಕರೆಂಟಿನ ಲೆಕ್ಕ ಮಾತ್ರ ಇಬ್ಬರೂ ಹಾಕಿರಲಿಲ್ಲ.

ಹೋಗುವ ಮೊದಲು ಮಾತ್ರೆ ಡಬ್ಬಿ ತೆಗೆಸಿದೆ. ಐದು ವರ್ಷದ ಹಿಂದೆ ಯಾರೋ ಬರೆದುಕೊಟ್ಟ ಆಸ್ಪಿರಿನ್ 75, ಮಗಳು ಕಳಿಸಿದ ಮೀನೆಣ್ಣೆ ಕ್ಯಾಪ್ಸೂಲ್. ಎರಡೂ ರಕ್ತಸ್ರಾವ ಹೆಚ್ಚಿಸಬಲ್ಲವು. ಆಸ್ಪಿರಿನ್ ಯಾಕೆ ಅಂತ ಅವರಿಗೇ ನೆನಪಿರಲಿಲ್ಲ. ಅವರ ಬಿಪಿ ಡಾಕ್ಟರನ್ನು ಕೇಳಿಯೇ ಏಳು ದಿನ ಮೊದಲು ನಿಲ್ಲಿಸಿದೆವು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಇದನ್ನು ಓದಿ ತಾವಾಗಿ ನಿಲ್ಲಿಸಬಾರದು.

ಆಪರೇಷನ್ ದಿನ ಬಿಪಿ 160/96 ಇತ್ತು. ಹೆದರಿಕೆ. ಅರ್ಧ ಗಂಟೆ ಕೂರಿಸಿ, ಇಳಿದ ಮೇಲೇ ಒಳಗೆ ಕರೆದರು. ನೇರ ಕೂರಿಸಿ ಪೆನ್ನಿನಿಂದ ಗುರುತು ಹಾಕಿದರು, ಮಲಗಿದರೆ ಚರ್ಮದ ಜೋಲು ಜಾಗ ಬದಲಿಸುತ್ತದೆ. ರೆಪ್ಪೆಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಅದೊಂದೇ ಉರಿದದ್ದು, ಇರುವೆ ಸಾಲಾಗಿ ಕಚ್ಚಿದ ಹಾಗೆ ಎಂದರು ಅತ್ತಿಗೆ. ಪೂರ್ತಿ ಎಚ್ಚರ ಇಟ್ಟುಕೊಂಡೇ ಮಾಡುವುದಕ್ಕೆ ಕಾರಣ ಇದೆ. ಎಡ ರೆಪ್ಪೆ ಬಿಗಿಮಾಡುವಾಗ ನಡುವೆ ಎಬ್ಬಿಸಿ ಕೂರಿಸಿ "ಕಣ್ಣು ಬಿಡಿ, ನೇರ ನೋಡಿ" ಅಂತ ಎತ್ತರ ಸರಿನೋಡಬೇಕು. ಎರಡೂ ರೆಪ್ಪೆಗೆ ಮಿದುಳಿನಿಂದ ಬರುವ ಸೂಚನೆ ಒಂದೇ. ಎಡಗಡೆ ಎತ್ತಲು ಜಾಸ್ತಿ ಶ್ರಮ ಹಾಕುತ್ತಿದ್ದಷ್ಟು ದಿನ ಬಲದ್ದೂ ಅದರ ಪುಣ್ಯದಲ್ಲಿ ಮೇಲೆ ನಿಂತಿರುತ್ತದೆ. ಎಡದ್ದನ್ನು ಸರಿಮಾಡಿದ ತಕ್ಷಣ ಬಲದ್ದು ಸ್ವಲ್ಪ ಇಳಿಯಬಹುದು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಹೊಲಿಗೆ ಹಾಕಿದರು. ಒಂದೂವರೆ ಗಂಟೆ ಹಿಡಿಯಿತು.

ಅವತ್ತೇ ಊರಿಗೆ ಹೊರಡೋಣ ಅಂತ ಅಣ್ಣನ ಆಸೆ. ನಾನು ಬಿಲ್ಕುಲ್ ಒಪ್ಪಲಿಲ್ಲ. ಕಣ್ಣುಗುಡ್ಡೆಯ ಹಿಂದೆ ರಕ್ತ ಕಟ್ಟಿಕೊಳ್ಳುವುದು ತೀರಾ ಅಪರೂಪ, ಆದರೆ ಆಗುವುದಿದ್ದರೆ ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲೇ ಹೆಚ್ಚು. ಆಗ ನರಕ್ಕೆ ರಕ್ತ ಹೋಗುವುದು ನಿಂತು ದೃಷ್ಟಿಯೇ ಹೋಗಬಹುದು. ಕೈಯಲ್ಲಿ ಉಳಿಯುವುದು ಒಂದೆರಡು ಗಂಟೆ. ಮಳೆಯಲ್ಲಿ ಸೋಮವಾರಪೇಟೆಯಿಂದ ಮೈಸೂರಿಗೆ ಅಷ್ಟರೊಳಗೆ ತಲುಪಲು ಆಗುತ್ತದಾ? ಕೊಡಗಿನವರು ಈ ಒಂದು ವಿಷಯ ಗಟ್ಟಿಯಾಗಿ ನೆನಪಿಡಬೇಕು ಅಂತ ನನಗೆ ಅನಿಸುತ್ತದೆ. ಆಪರೇಷನ್ ಮಾಡಿದವರಿಗೆ ಹತ್ತಿರದಲ್ಲಿ ಒಂದು ರಾತ್ರಿಯಾದರೂ ಕಳೆಯಿರಿ. ನಾವು ಕುವೆಂಪುನಗರದ ನೆಂಟರ ಮನೆಯಲ್ಲಿ ಎರಡು ರಾತ್ರಿ ಇದ್ದೆವು. ಗಂಟೆಗೊಮ್ಮೆ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿದೆ. ನೋವು ಏರುತ್ತಾ ಹೋಗುವುದು, ಗುಡ್ಡೆ ಕಲ್ಲಿನ ಹಾಗೆ ಬಿಗಿಯುವುದು, ಮಂಜಾಗುವುದು, ಇದರಲ್ಲಿ ಒಂದಾದರೂ ಕಂಡರೆ ಓಡುವುದು ಅಂತ ಆಟೋದವರ ನಂಬರ್ ಬರೆದಿಟ್ಟಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿದಾಗ, "ಏಕಾದಶಿ ಯಾವತ್ತು ಅಂತ ನನಗೆ ಬಾಯಿಪಾಠ ಆಗಿದೆ, ಮಲಗೇ" ಅಂತ ಬೈದರು.

ಎರಡು ದಿನ ಐಸ್ ನೀರಲ್ಲಿ ಅದ್ದಿದ ಹತ್ತಿ ಪ್ಯಾಡ್. ಹತ್ತು ನಿಮಿಷ ಇಡುವುದು, ತೆಗೆಯುವುದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಯಿತು. ಮೂರನೇ ದಿನ ಊರು ಸೇರಿದರೆ ಕರೆಂಟಿಲ್ಲ. ಮೂರು ದಿನ ಬರಲಿಲ್ಲ. ನಮ್ಮ ಅದೃಷ್ಟಕ್ಕೆ ತಣ್ಣಗಿಡುವ ಮುಖ್ಯ ಅವಧಿ ಮುಗಿದಿತ್ತು. ಬೇಕೆನಿಸಿದಾಗ ಬಾವಿ ನೀರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಣ ಬಟ್ಟೆ ಸುತ್ತಿ ಇಟ್ಟೆವು. ಮಳೆಗಾಲದ ಬಾವಿ ನೀರು ಫ್ರಿಜ್ಜಿಗೆ ಸಡ್ಡು ಹೊಡೆಯುತ್ತದೆ. ಬಾವಿಯ ಹಸಿ ನೀರು ಮಾತ್ರ ಹೊಲಿಗೆಗೆ ತಾಗಬಾರದು. ಒರೆಸಲು ಕುದಿಸಿ ಆರಿಸಿದ್ದೇ ಬೇಕು.

ಬಣ್ಣದ ವಿಷಯ. ಮೂರನೇ ದಿನ ಎರಡೂ ಕಣ್ಣಿನ ಸುತ್ತ ಮದ್ದು ಸೊಪ್ಪಿನ ಪಾಯಸದ ಕಡು ನೇರಳೆ ಬಣ್ಣ. ಅದು ಕೆನ್ನೆಗೆ ಇಳಿಯಿತು. ರಕ್ತ ಕೆಳಗೆ ಹರಿಯುವುದು ಸಹಜ, ಆದರೆ ನೋಡುವವರಿಗೆ ಗೊತ್ತಾಗಬೇಕಲ್ಲ. ಯಾರೂ ಬರಲ್ಲ ಅಂದುಕೊಂಡಿದ್ದ ಮನೆಗೆ ತೋಟದ ಆಳುಗಳ ಲೈನ್‌ಮನೆಯ ಹೆಂಗಸು ಸಂಬಳ ಕೇಳಲು ಬಂದಳು. ಅತ್ತಿಗೆ "ಬಚ್ಚಲಲ್ಲಿ ಜಾರಿದೆ" ಎಂದುಬಿಟ್ಟರು. ಬಚ್ಚಲಲ್ಲಿ ಜಾರಿದವರಿಗೆ ಎರಡೂ ಕಣ್ಣು ಒಂದೇ ಸಮ ಊದುತ್ತದಾ? ಸಂಜೆಗೆ ಸುದ್ದಿ ಹರಡಿತ್ತು: ಯಜಮಾನರು ಕೈ ಮಾಡಿದ್ದಾರೆ. ಮೂವತ್ತು ವರ್ಷದಲ್ಲಿ ಹೆಂಡತಿಗೆ ಎದುರು ಮಾತಾಡದ ನಮ್ಮಣ್ಣ! ಮರುದಿನ ಹಾಲಿನ ಡೈರಿಯಲ್ಲಿ ಯಾರೂ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಮನೆಗೆ ಬಂದು, "ಮಾರಾಯ್ತಿ, ನಿಜ ಹೇಳಿಬಿಡು. ನನ್ನ ಮರ್ಯಾದೆ ಹೋಗ್ತಿದೆ" ಅಂದರು. ಅತ್ತಿಗೆ ಸಂಘದ ವಾಟ್ಸಾಪಿನಲ್ಲಿ ಒಂದು ಧ್ವನಿ ಸಂದೇಶ ಹಾಕಿದರು. ಆ ವಾರವೇ ನಾಲ್ಕು ಜನ ಹೆಂಗಸರು ಗುಟ್ಟಾಗಿ ಡಾಕ್ಟರ ನಂಬರ್ ಕೇಳಿದರು.

ನಾಲ್ಕನೇ ಐದನೇ ದಿನ ಅತ್ತಿಗೆ ಅತ್ತರು. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಬಾವು ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಓದಲಾಗದು, ಬಗ್ಗುವ ಹಾಗಿಲ್ಲ, ಎರಡು ಮೂರು ದಿಂಬು ಒರಗಿ ಮಲಗಬೇಕು, ಹೊರಗೆ ಮಳೆ. "ಸುಮ್ನೆ ಇದ್ದ ಕಣ್ಣನ್ನ ಕೆಡಿಸಿಕೊಂಡೆ" ಎನ್ನುವುದು ಆ ದಿನಗಳ ಮಾತು.

ಆರನೇ ದಿನ ಹೊಲಿಗೆ ತೆಗೆಸಬೇಕಿತ್ತು. ದಾರಿಯಲ್ಲಿ ಮರ ಬಿದ್ದು ಏಳನೇ ದಿನಕ್ಕೆ ಹೋಯಿತು. ತೊಂದರೆ ಆಗಲಿಲ್ಲ. ತುಂಬಾ ತಡವಾದರೆ ದಾರದ ಗುರುತು ಉಳಿಯುತ್ತದೆ, ಸಣ್ಣ ಬಿಳಿ ಗುಳ್ಳೆಗಳೂ ಏಳುತ್ತವೆ.

ಎಡವಟ್ಟು ಆದದ್ದು ಒಂಬತ್ತನೇ ದಿನ. ಹೊಲಿಗೆ ಹೋಯಿತು, ಇನ್ನೇನು ಅಂತ ಅತ್ತಿಗೆ ಬಚ್ಚಲ ಒಲೆ ಹಚ್ಚಲು ಹೋದರು. ಸೌದೆ ಹಸಿ. ಬಗ್ಗಿ ಊದುಗೊಳವೆ ಹಿಡಿದು ಹತ್ತು ನಿಮಿಷ ಊದಿದ್ದಾರೆ. ಬಗ್ಗುವುದು, ಉಸಿರು ಬಿಗಿಹಿಡಿದು ಊದುವುದು, ಮೇಲೆ ಹೊಗೆ. ಮೂರೂ ನಿಷಿದ್ಧ. ಸಂಜೆಗೆ ಎಡ ರೆಪ್ಪೆ ಮತ್ತೆ ಊದಿತು, ಕಣ್ಣು ಕೆಂಡ. ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ದೃಷ್ಟಿ ಸರಿ ಇದೆಯಾ ಎಂದು ಮೊದಲು ಕೇಳಿದರು, ಆಮೇಲೆ ತಣ್ಣಗಿನ ಪ್ಯಾಡ್, ತಲೆ ಎತ್ತರ, ಡ್ರಾಪ್ಸ್ ಎಂದರು. ನಾಲ್ಕು ದಿನ ಹಿಂದೆ ಹೋದ ಹಾಗಾಯಿತು ಅಷ್ಟೆ. ತಪ್ಪು ನನ್ನದೂ ಇದೆ. ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ "ಜಿಮ್, ಈಜು, ಯೋಗ ಬೇಡ" ಅಂತಿತ್ತು. ಅತ್ತಿಗೆ ಜಿಮ್ಮಿಗೆ ಹೋಗುವವರಲ್ಲವಲ್ಲ. ಒಲೆ ಊದಬೇಡಿ, ಹುಲ್ಲಿನ ಹೊರೆ ಎತ್ತಬೇಡಿ, ಅಂಗಳ ಗುಡಿಸಬೇಡಿ ಅಂತ ನಾನು ಬಿಡಿಸಿ ಹೇಳಬೇಕಿತ್ತು.

ಎಡಗಣ್ಣು ಮೊದಲ ವಾರಗಳಲ್ಲಿ ನಿದ್ದೆಯಲ್ಲಿ ಪೂರ್ತಿ ಮುಚ್ಚುತ್ತಿರಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಒಂದೂವರೆ ಮಿ.ಮೀ. ಸಂದು. ರಾತ್ರಿ ದಪ್ಪ ಮುಲಾಮು, ಹಗಲು ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್ ದಿನಕ್ಕೆ ಎಂಟು ಸಲ. ಆರನೇ ವಾರಕ್ಕೆ ಸಂದು ಮುಚ್ಚಿತು. 20 ಮಿ.ಮೀ.ಯ ಲೆಕ್ಕ ಮೀರಿ ಚರ್ಮ ತೆಗೆದಿದ್ದರೆ, ಜೊತೆಗೆ ಕೆಳಗಿನದೂ ಆಗಿದ್ದರೆ, ಈ ಸಂದು ಎಷ್ಟಿರುತ್ತಿತ್ತೋ. ಆ ಪ್ಯಾಕೇಜ್ ನೆನೆದರೆ ನನಗೆ ಈಗಲೂ ಎದೆ ಝಲ್ ಎನ್ನುತ್ತದೆ.

ಕಕ್ಕಡ ಹದಿನೆಂಟಕ್ಕೆ (ಮದ್ದು ಸೊಪ್ಪು ತಿನ್ನುವ ಕೊಡಗಿನ ಹಬ್ಬ, ಆಗಸ್ಟ್ ಮೊದಲ ವಾರ) ಅತ್ತಿಗೆ ತಾವೇ ಮದ್ದು ಸೊಪ್ಪು ಕುಯ್ದು ತಂದರು. ಆಪರೇಷನ್ ಆಗಿ ಐದು ವಾರ. ಎರಡು ಕಣ್ಣೂ ಸಮ ಇಲ್ಲ ಅಂತ ದಿನಾ ಕನ್ನಡಿ ಹಿಡಿಯುತ್ತಿದ್ದವರು ಅವತ್ತು ಹಿಡಿಯಲಿಲ್ಲ. ಹೊಸ ಕನ್ನಡಕ ಬೇಕು ಅಂದರು, ನಾನು ಕೊಡಲಿಲ್ಲ. ರೆಪ್ಪೆಯ ಒತ್ತಡ ಬದಲಾದಾಗ ಕರಿಗುಡ್ಡೆಯ ಆಕಾರವೂ ಸ್ವಲ್ಪ ಬದಲಾಗುತ್ತದೆ. ಮೂರು ತಿಂಗಳ ನಂತರ ಅಳೆದಾಗ ಎಡಗಣ್ಣಿನ ಸಿಲಿಂಡರ್ (ಕರಿಗುಡ್ಡೆಯ ಆಕಾರದ ದೋಷಕ್ಕೆ ಕೊಡುವ ಕನ್ನಡಕದ ನಂಬರು) ಅರ್ಧ ಪಾಯಿಂಟ್ ಬದಲಾಗಿತ್ತು. ಆಗ ಬರೆದುಕೊಟ್ಟೆ.

ಡಿಸೆಂಬರ್ ಕೊನೆಯಲ್ಲಿ, ಕೊಯ್ಲಿನ ನಡುವೆ, ಆರು ತಿಂಗಳ ಅಳತೆ. ಬೆಳಕಿನ ಚುಕ್ಕಿಯಿಂದ ರೆಪ್ಪೆಯ ಅಂಚಿಗೆ ಬಲ 4, ಎಡ 3.5 ಮಿ.ಮೀ. ದೃಷ್ಟಿಯ ಹರವಿನ ಮೇಲ್ಭಾಗ ತೆರೆದಿದೆ. ಎಡ ಹುಬ್ಬು ತಾನಾಗಿ ಕೆಳಗೆ ಬಂದಿದೆ. ಕಲೆ ಮಡಿಕೆಯೊಳಗೆ ಸೇರಿಕೊಂಡಿದೆ, ಕಣ್ಣು ಮುಚ್ಚಿದಾಗ ಮಾತ್ರ ತೆಳ್ಳನೆ ಗುಲಾಬಿ ಗೆರೆ. ಡ್ರಾಪ್ಸ್ ಈಗಲೂ ದಿನಕ್ಕೆ ಮೂರು ಸಲ ಬೇಕು. ಹಣೆ ನೋವಿಲ್ಲದೆ ಒಂದು ಚೀಲ ಕಾಫಿ ಆರಿಸಿದೆ ಎಂದರು.

ಚೀಲ ಅಂದ ಕೂಡಲೇ ಇಬ್ಬರಿಗೂ ನಗು ಬಂತು. ಕಣ್ಣಿನ ಕೆಳಗಿನದು ಹಾಗೇ ಇದೆ. ಮೇಲಿನದು ತೆರೆದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತಿದೆ. ಮೊನ್ನೆ ಶನಿವಾರಸಂತೆಯಲ್ಲಿ ಯಾರೋ ಮತ್ತೆ ಅದೇ ಪ್ರಶ್ನೆ ಕೇಳಿದರಂತೆ. "ಇಲ್ಲ, ಕೊಯ್ಲು ಅಲ್ವಾ, ನಿಜವಾಗ್ಲೂ ನಿದ್ದೆ ಇಲ್ಲ" ಅಂದು ಮುಂದೆ ನಡೆದರಂತೆ. ಕೆಳಗಿನದಕ್ಕೆ ಡಾಕ್ಟರನ್ನು ನೋಡುವುದು ಮುಂದಿನ ಜೂನಿಗೆ, ಮರ ಕಪಾತು ಆದ ಮೇಲೆ. ಅಷ್ಟರಲ್ಲಿ ಬಚ್ಚಲಿಗೆ ಸೋಲಾರ್ ಹಾಕಿಸಬೇಕು ಅಂತ ಅಣ್ಣ ಓಡಾಡುತ್ತಿದ್ದಾರೆ.